ಆಲ್-ಇನ್-ಒನ್ ಕಂಪ್ಯೂಟರ್: ಬಿಡಿಭಾಗಕ್ಕೆ ಮೂವತ್ತು ಸಾವಿರ, ಅಂಗಡಿಯಲ್ಲಿ ಐವತ್ತು ಸಾವಿರ – ಯಾಕೆ?

ಹೊಸ ಶಾಲಾ ವರ್ಷ ಶುರುವಾಗುವ ಹೊತ್ತಿಗೆ ವಾಟ್ಸಾಪ್ ಗುಂಪುಗಳಲ್ಲಿ ಕಂಪ್ಯೂಟರ್ ಕುರಿತ ಸಂದೇಶಗಳೂ ಸುತ್ತಾಡಲು ಶುರುಮಾಡುತ್ತವೆ. ಅವುಗಳಲ್ಲಿ ಮೂರು ಬಗೆಯವು ನಮಗೆ ಪದೇ ಪದೇ ಬರುತ್ತವೆ. ಒಂದು: "ಈ ಕಂಪ್ಯೂಟರಿನ ಒಳಗಿರುವ ಸಾಮಾನಿನ ಬೆಲೆ ಇಷ್ಟೇ, ಉಳಿದದ್ದೆಲ್ಲ ಕಂಪನಿಯ ಜೇಬಿಗೆ." ಎರಡು: "ಅಮೆರಿಕದಲ್ಲಿ ಇಷ್ಟು ಕಡಿಮೆಗೆ ಸಿಗುವ ಅದೇ ಕಂಪ್ಯೂಟರಿಗೆ ನಮ್ಮಲ್ಲಿ ಇಷ್ಟು ಬೆಲೆ, ಇದು ಹಗಲು ದರೋಡೆ." ಮೂರು: "ಸರ್ಕಾರ ಉಚಿತವಾಗಿ ಕೊಡುತ್ತಿದೆ, ಇಂದೇ ಕೊನೆಯ ದಿನ, ಕೆಳಗಿನ ಕೊಂಡಿ ಒತ್ತಿ."

ಮೂರನೆಯದರ ಹಣೆಬರಹವನ್ನು ಬೇಗ ಹೇಳಿ ಮುಗಿಸಬಹುದು, ಅದಕ್ಕೆ ಕೊನೆಯಲ್ಲಿ ಬರುತ್ತೇವೆ. ಮೊದಲ ಎರಡು ಹಾಗಲ್ಲ. ಅವುಗಳಲ್ಲಿ ಒಂದಿಷ್ಟು ನಿಜವೂ ಇದೆ, ಅದಕ್ಕೇ ಜನ ನಂಬುತ್ತಾರೆ. ಮನೆಗೊಂದು ಕಂಪ್ಯೂಟರ್ ತರಬೇಕೆಂದು ವರ್ಷವಿಡೀ ದುಡ್ಡು ಕೂಡಿಸಿದವರು ಇಂಥ ಸಂದೇಶ ಓದಿ, ಮಾಮೂಲಿ ಅಂಗಡಿ ಬಿಟ್ಟು ಯಾರದೋ ಮಾತು ಕೇಳಿ ಹಳೆಯ ಮಾಲು ಕೊಂಡುಬಿಡುವುದುಂಟು. ಹಾಗಾಗಿ ಮನೆಬಳಕೆಯ ಒಂದು ಆಲ್-ಇನ್-ಒನ್ ಕಂಪ್ಯೂಟರಿನ ವಿನ್ಯಾಸ ಹೇಗೆ ನಡೆಯುತ್ತದೆ, ಅದರ ಬೆಲೆ ಎಲ್ಲಿ ಹುಟ್ಟುತ್ತದೆ ಎನ್ನುವುದನ್ನು ಸ್ವಲ್ಪ ನಿಧಾನವಾಗಿಯೇ ನೋಡೋಣ.

ಏನಿದು ಆಲ್-ಇನ್-ಒನ್?

ಮಾಮೂಲಿ ಡೆಸ್ಕ್‌ಟಾಪ್‌ನಲ್ಲಿ ಮಾನಿಟರ್ ಬೇರೆ, ನಾವು ರೂಢಿಯಲ್ಲಿ 'ಸಿಪಿಯು' ಎಂದು ಕರೆಯುವ ಪೆಟ್ಟಿಗೆ ಬೇರೆ. (ನಿಜಕ್ಕೂ ಸಿಪಿಯು ಎಂದರೆ ಆ ಪೆಟ್ಟಿಗೆಯೊಳಗಿನ ಒಂದು ಸಣ್ಣ ಚಿಪ್ ಮಾತ್ರ. ಆದರೆ ರೂಢಿಯ ಜೊತೆ ಜಗಳವಾಡಿ ಗೆದ್ದವರಿಲ್ಲ.) ಆಲ್-ಇನ್-ಒನ್‌ನಲ್ಲಿ ಆ ಪೆಟ್ಟಿಗೆಯ ಒಳಗಿರುವುದೆಲ್ಲ ಪರದೆಯ ಬೆನ್ನಿಗೆ ಸೇರಿಕೊಂಡಿರುತ್ತದೆ. ಮೇಜಿನ ಮೇಲೆ ಒಂದು ಪರದೆ, ಒಂದು ಕೀಲಿಮಣೆ, ಒಂದು ಮೌಸ್, ಗೋಡೆಗೆ ಹೋಗುವ ಒಂದು ವೈರು. ಅಷ್ಟೇ.

ಇದು ಹೊಸ ಕಲ್ಪನೆಯೇನಲ್ಲ. 1977ರಲ್ಲಿ ಬಂದ ಕಮೊಡೋರ್ ಪೆಟ್ ಎಂಬ ಕಂಪ್ಯೂಟರಿನಲ್ಲೇ ಪರದೆ, ಕೀಲಿಮಣೆ, ಕಡೆಗೆ ಮಾಹಿತಿ ಉಳಿಸಲು ಕ್ಯಾಸೆಟ್ ರೆಕಾರ್ಡರ್ ಕೂಡ ಒಂದೇ ಪೆಟ್ಟಿಗೆಯಲ್ಲಿದ್ದವು. ಆ ಪೆಟ್ಟಿಗೆ ಪ್ಲಾಸ್ಟಿಕ್ಕಿನದಲ್ಲ, ಲೋಹದ ತಗಡಿನದು. ಕಮೊಡೋರ್ ಕಂಪನಿಗೆ ಕಚೇರಿ ಪೀಠೋಪಕರಣ ತಯಾರಿಸುವ ತನ್ನದೇ ಕಾರ್ಖಾನೆ ಇತ್ತು. ತಗಡು ಬಗ್ಗಿಸುವುದು ಅವರಿಗೆ ಗೊತ್ತಿದ್ದ ಕೆಲಸ, ಪ್ಲಾಸ್ಟಿಕ್ ಅಚ್ಚಿಗೆ ಹೊಸದಾಗಿ ದುಡ್ಡು ಸುರಿಯಬೇಕಿರಲಿಲ್ಲ. ವಿನ್ಯಾಸ ಎಂದರೆ ಚೆಂದದ ಚಿತ್ರ ಬರೆಯುವುದು ಎಂದು ನಾವು ಅಂದುಕೊಂಡಿರುತ್ತೇವೆ. ಕೈಯಲ್ಲಿ ಯಾವ ಕಾರ್ಖಾನೆ ಇದೆ ಎನ್ನುವುದೂ ವಿನ್ಯಾಸವನ್ನು ತೀರ್ಮಾನಿಸುತ್ತದೆ.

ಐದುನೂರು ಡಾಲರಿನ ಕನಸು ಎರಡೂವರೆ ಸಾವಿರವಾದ ಕತೆ

ಬೆಲೆ ಹೇಗೆ ಹುಟ್ಟುತ್ತದೆ ಎಂಬುದಕ್ಕೆ ಆ್ಯಪಲ್ ಕಂಪನಿಯ ಮ್ಯಾಕಿಂಟೋಷ್‌ಗಿಂತ ಒಳ್ಳೆಯ ಪಾಠ ಇನ್ನೊಂದಿಲ್ಲ. 1979ರಲ್ಲಿ ಜೆಫ್ ರಾಸ್ಕಿನ್ ಎಂಬುವವರು ಈ ಯೋಜನೆ ಶುರುಮಾಡಿದಾಗ ಮನಸ್ಸಿನಲ್ಲಿಟ್ಟುಕೊಂಡಿದ್ದ ಬೆಲೆ 500 ಡಾಲರ್. ಜನಸಾಮಾನ್ಯರ ಕಂಪ್ಯೂಟರ್ ಆಗಬೇಕು, ಪೆಟ್ಟಿಗೆ ಬಿಚ್ಚಿ ಅಲ್ಲಿ ಇಲ್ಲಿ ವೈರು ಸಿಕ್ಕಿಸುವ ಗೋಜು ಇರಬಾರದು ಎನ್ನುವುದು ಅವರ ಆಸೆಯಾಗಿತ್ತು.

1981ರಲ್ಲಿ ಯೋಜನೆ ಸ್ಟೀವ್ ಜಾಬ್ಸ್ ಕೈಗೆ ಬಂತು. ಮೌಸ್ ಬೇಕು, ಚಿತ್ರಗಳಿರುವ ಪರದೆ ಬೇಕು ಎಂದಾಯಿತು. ಅದನ್ನೆಲ್ಲ ಓಡಿಸಲು ಅಗ್ಗದ ಚಿಪ್ ಸಾಲದು, ಮೊಟೊರೋಲಾ 68000 ಬೇಕಾಯಿತು. ಆ ಚಿಪ್ಪಿಗೆ ತಕ್ಕಂತೆ 128 ಕೆಬಿ ಮೆಮೊರಿ ಬೇಕಾಯಿತು. ಫ್ಲಾಪಿಗೆ ಸೋನಿ ಕಂಪನಿಯ ಹೊಸ ಮೂರೂವರೆ ಇಂಚಿನ ಡ್ರೈವ್ ಬಂತು. ಒಂದೊಂದೂ ಸರಿಯಾದ ತೀರ್ಮಾನವೇ, ಆದರೆ ಒಂದೊಂದೂ ಬೆಲೆಯನ್ನು ಮೇಲಕ್ಕೆ ತಳ್ಳಿತು. ಬಿಡುಗಡೆ ಹತ್ತಿರವಾದಾಗ ತಂಡದ ಲೆಕ್ಕದಲ್ಲಿದ್ದ ಬೆಲೆ 1,995 ಡಾಲರ್. ಕೊನೆಗೆ 1984ರ ಜನವರಿ 24ರಂದು ಅದು ಮಾರುಕಟ್ಟೆಗೆ ಬಂದಿದ್ದು 2,495 ಡಾಲರಿಗೆ.

ಕೊನೆಯ ಆ 500 ಡಾಲರ್ ಯಾವ ಬಿಡಿಭಾಗದ್ದು? ಯಾವುದರದ್ದೂ ಅಲ್ಲ! ಬಿಡುಗಡೆಯ ಜಾಹೀರಾತಿನ ಖರ್ಚು ಹುಟ್ಟಬೇಕಾದರೆ ಬೆಲೆ ಏರಿಸಲೇಬೇಕು ಎಂದು ಆಗಿನ ಮುಖ್ಯಸ್ಥ ಜಾನ್ ಸ್ಕಲಿ ಪಟ್ಟು ಹಿಡಿದರು. ರಾಸ್ಕಿನ್ ಇಡೀ ಕಂಪ್ಯೂಟರಿಗೆ ಎಂದು ಅಂದುಕೊಂಡಿದ್ದಷ್ಟು ಹಣ ಹೀಗೆ ಕೊನೆಯ ಹಂತದಲ್ಲಿ ಸೇರಿಕೊಂಡಿತು.

ಅಂದರೆ ಫಾರ್ವರ್ಡ್ ಸಂದೇಶ ಹೇಳುವುದು ಸರಿಯೇ ಆಯಿತಲ್ಲ, ಸಾಮಾನಿಗಿಂತ ಹೆಚ್ಚಿಗೆ ಹಾಕುತ್ತಾರಲ್ಲ ಎಂದು ನೀವು ಕೇಳಬಹುದು. ಈ ಪ್ರಕರಣದ ಮಟ್ಟಿಗೆ ಹೌದು. ಬೆಲೆ ಎನ್ನುವುದು ಬಿಡಿಭಾಗಗಳ ಮೊತ್ತವಲ್ಲ, ಅದೊಂದು ತೀರ್ಮಾನ. ಆದರೆ ಹೆಚ್ಚಿಗೆ ಹಾಕಿದ್ದೆಲ್ಲ ಲಾಭ ಎನ್ನುವುದೂ ತಪ್ಪು. ಅದನ್ನು ಲೆಕ್ಕ ಹಾಕಿಯೇ ನೋಡೋಣ, ಸ್ವಲ್ಪ ತಾಳಿ.

ಮ್ಯಾಕಿಂಟೋಷ್‌ನ ಇನ್ನೊಂದು ಸಂಗತಿ ಇಂದಿಗೂ ಪ್ರಸ್ತುತ. ಸದ್ದು ಬರಬಾರದು ಎಂದು ಜಾಬ್ಸ್ ಅದರಲ್ಲಿ ಫ್ಯಾನ್ ಇಡಲು ಬಿಡಲಿಲ್ಲ. ಬಿಸಿ ಗಾಳಿ ತಾನಾಗಿಯೇ ಮೇಲೇರಿ ಸೀಳುಗಳಿಂದ ಹೊರಹೋಗಬೇಕಿತ್ತು. ಒಂಬತ್ತಿಂಚಿನ ಪಿಕ್ಚರ್ ಟ್ಯೂಬು, ಅದರ ಪವರ್ ಸಪ್ಲೈ, ಕಂಪ್ಯೂಟರ್ ಬೋರ್ಡು ಎಲ್ಲ ಒಂದೇ ಡಬ್ಬಿಯಲ್ಲಿ ಬೇಯುತ್ತಿದ್ದವು. ಜನ ಅದನ್ನು ಬ್ರೆಡ್ ಟೋಸ್ಟರ್ ಎಂದು ಗೇಲಿ ಮಾಡಿದರು. ಹಿಂಬದಿಯ ಮುಚ್ಚಳ ತೆಗೆಯಲು ಉದ್ದ ಹಿಡಿಯ ವಿಶೇಷ ಸ್ಕ್ರೂಡ್ರೈವರ್ ಬೇಕಿತ್ತು. ಸಾಮಾನ್ಯರು ಬಿಚ್ಚುವುದೇ ಬೇಡ ಎನ್ನುವುದು ಅದರ ಅರ್ಥ. (ಬಿಚ್ಚಿದವರಿಗೆ ಒಳಗೋಡೆಯ ಮೇಲೆ ತಯಾರಿಸಿದ ತಂಡದವರ ಸಹಿಗಳು ಕಾಣುತ್ತಿದ್ದವು!) ಬಿಸಿ ಮತ್ತು ರಿಪೇರಿ, ಇವೆರಡು ಆಲ್-ಇನ್-ಒನ್ ಜಾತಿಗೆ ಹುಟ್ಟಿನಿಂದಲೇ ಅಂಟಿಕೊಂಡ ಸಮಸ್ಯೆಗಳು.

1,299 ಡಾಲರಿನ ನೀಲಿ ಪೆಟ್ಟಿಗೆ

ಹದಿನಾಲ್ಕು ವರ್ಷಗಳ ನಂತರದ ಮಾತು. ಆ್ಯಪಲ್ ಕಂಪನಿ 1997ರ ಹಣಕಾಸು ವರ್ಷದಲ್ಲಿ ನೂರು ಕೋಟಿ ಡಾಲರಿಗೂ ಹೆಚ್ಚು ನಷ್ಟ ಮಾಡಿಕೊಂಡಿತ್ತು. ಅಲ್ಲಿಂದ ಎದ್ದು ನಿಲ್ಲಲು ಅದು ತಂದದ್ದು ಮತ್ತೆ ಒಂದು ಆಲ್-ಇನ್-ಒನ್ ಅನ್ನೇ. 1998ರ ಮೇ 6ರಂದು ಘೋಷಣೆಯಾಗಿ ಆಗಸ್ಟ್ 15ರಂದು ಮಾರಾಟಕ್ಕೆ ಬಂದ ಆ ಐಮ್ಯಾಕ್‌ನ ಬೆಲೆ 1,299 ಡಾಲರ್. ಅಂದಿನ ವಿನಿಮಯ ದರದಲ್ಲಿ ಸುಮಾರು 55 ಸಾವಿರ ರೂಪಾಯಿ.

ಇದರ ವಿನ್ಯಾಸದಲ್ಲಿ ದುಡ್ಡು ಎಲ್ಲಿ ಸುರಿದರು, ಎಲ್ಲಿ ಉಳಿಸಿದರು ಎಂದು ನೋಡಿದರೆ ಆಶ್ಚರ್ಯವಾಗುತ್ತದೆ. ಸುರಿದದ್ದು ಹೊರಗಿನ ಪ್ಲಾಸ್ಟಿಕ್ಕಿನ ಮೇಲೆ. ಒಳಗಿನದು ಮಸುಕಾಗಿ ಕಾಣುವಂಥ ನೀಲಿ ಬಣ್ಣದ ಹೊದಿಕೆ ಅದು. ಬಣ್ಣ ಎಲ್ಲ ಕಡೆ ಒಂದೇ ಸಮ ಬರಬೇಕು, ಒಳಗಿನ ಲೋಹದ ಕವಚವೂ ಅಚ್ಚುಕಟ್ಟಾಗಿರಬೇಕು, ಏಕೆಂದರೆ ಅದು ಕಾಣುತ್ತದೆ. ಅರೆಪಾರದರ್ಶಕ ಬಣ್ಣದ ಗುಟ್ಟು ತಿಳಿಯಲು ವಿನ್ಯಾಸಕಾರ ಜಾನಿ ಐವ್ ಅವರ ತಂಡ ಜೆಲ್ಲಿ ಮಿಠಾಯಿ ತಯಾರಿಸುವ ಕಾರ್ಖಾನೆಗೆ ಹೋಗಿ ಬಂದಿತ್ತು. ಒಂದೊಂದು ಹೊದಿಕೆಗೆ 60 ಡಾಲರಿಗೂ ಹೆಚ್ಚು, ಅಂದರೆ ಮಾಮೂಲಿ ಪೆಟ್ಟಿಗೆಯ ಮೂರು ಪಟ್ಟು ಖರ್ಚಾಯಿತು ಎಂದು ಜಾಬ್ಸ್ ಜೀವನಚರಿತ್ರೆ ಬರೆದ ವಾಲ್ಟರ್ ಐಸಾಕ್ಸನ್ ದಾಖಲಿಸಿದ್ದಾರೆ. ತಲೆಯ ಮೇಲೊಂದು ಹಿಡಿಕೆ ಬೇರೆ. ಸುಮಾರು 17 ಕೆಜಿ ತೂಗುವ ಯಂತ್ರವನ್ನು ದಿನಾ ಯಾರು ಎತ್ತಿಕೊಂಡು ತಿರುಗುತ್ತಾರೆ? ಆದರೆ ಕಂಪ್ಯೂಟರ್ ಎಂದರೆ ಹೆದರುತ್ತಿದ್ದ ಮನೆಮಂದಿಗೆ 'ಮುಟ್ಟಬಹುದು, ಏನೂ ಆಗುವುದಿಲ್ಲ' ಎಂದು ಆ ಹಿಡಿಕೆ ಹೇಳುತ್ತಿತ್ತು.

ಉಳಿಸಿದ್ದು ಎಲ್ಲಿ? ಫ್ಲಾಪಿ ಡ್ರೈವ್ ಪೂರ್ತಿ ತೆಗೆದುಹಾಕಿದರು. ಹಳೆಯ ಬಗೆಯ ಕಿಂಡಿಗಳನ್ನೆಲ್ಲ ಬಿಟ್ಟು ಯುಎಸ್‌ಬಿ ಇಟ್ಟರು. ಮೆಮೊರಿ 32 ಎಂಬಿ, ಹಾರ್ಡ್ ಡಿಸ್ಕ್ 4 ಜಿಬಿ, ಪರದೆ 15 ಇಂಚು. ಅಂದಿಗೂ ಇವು ಮಧ್ಯಮ ದರ್ಜೆಯವೇ. ಫ್ಲಾಪಿ ಇಲ್ಲದ ಕಂಪ್ಯೂಟರ್ ಯಾರಿಗೆ ಬೇಕು ಎಂದು ಬರೆದವರು ಬಹಳ ಮಂದಿ ಇದ್ದರು. ದುಂಡನೆಯ ಮೌಸ್ ಮಾತ್ರ ನಿಜಕ್ಕೂ ಕೆಟ್ಟದಾಗಿತ್ತು, ಯಾವ ಕಡೆ ಮುಂದು ಯಾವ ಕಡೆ ಹಿಂದು ಎಂದು ಕೈಗೆ ತಿಳಿಯುತ್ತಿರಲಿಲ್ಲ. ಆದರೂ ಮೊದಲ ಆರು ವಾರಗಳಲ್ಲಿ 2,78,000 ಕಂಪ್ಯೂಟರುಗಳು ಮಾರಾಟವಾದವು, ವರ್ಷದ ಕೊನೆಗೆ 8 ಲಕ್ಷ.

ಈ 8 ಲಕ್ಷ ಎನ್ನುವ ಸಂಖ್ಯೆಯನ್ನು ನೆನಪಿಟ್ಟುಕೊಳ್ಳಿ. ಮುಂದಿನ ಲೆಕ್ಕದ ಜೀವಾಳ ಅದೇ.

ಒಂದು ಕಾಲ್ಪನಿಕ ಲೆಕ್ಕ

ನಾವೇ ಒಂದು ಆಲ್-ಇನ್-ಒನ್ ತಯಾರಿಸುತ್ತೇವೆ ಎಂದಿಟ್ಟುಕೊಳ್ಳಿ. ಕೆಳಗಿನ ಸಂಖ್ಯೆಗಳು ಯಾವ ಕಂಪನಿಯವೂ ಅಲ್ಲ, ಲೆಕ್ಕ ಅರ್ಥವಾಗಲೆಂದು ನಾವು ಹಾಕಿಕೊಂಡವು. ದಯವಿಟ್ಟು ಇದನ್ನೇ ಕತ್ತರಿಸಿ ಫಾರ್ವರ್ಡ್ ಮಾಡಬೇಡಿ!

ಪರದೆ, ಬೋರ್ಡು, ಚಿಪ್, ಮೆಮೊರಿ, ಎಸ್‌ಎಸ್‌ಡಿ, ಕ್ಯಾಮೆರಾ, ಸ್ಪೀಕರ್, ಕೀಲಿಮಣೆ, ಮೌಸ್, ವಿಂಡೋಸ್ ಲೈಸೆನ್ಸ್ ಎಲ್ಲ ಸೇರಿ 30,000 ರೂಪಾಯಿ. ಜೋಡಿಸಿ ಪರೀಕ್ಷಿಸಲು 1,000. ಪ್ಯಾಕಿಂಗ್, ಸಾಗಣೆ, ವಿಮೆಗೆ 1,200. ವಾರಂಟಿಯಲ್ಲಿ ವಾಪಸು ಬರುವವುಗಳ ರಿಪೇರಿಗೆಂದು ಪ್ರತಿ ಕಂಪ್ಯೂಟರಿನ ಲೆಕ್ಕದಲ್ಲಿ ತೆಗೆದಿಡುವುದು 1,000.

ಇನ್ನು ಅಚ್ಚು. ಪ್ಲಾಸ್ಟಿಕ್ ಹೊದಿಕೆಯನ್ನು ಎರಕ ಹೊಯ್ಯಲು ಉಕ್ಕಿನ ಅಚ್ಚುಗಳನ್ನು ಮೊದಲೇ ಮಾಡಿಸಬೇಕು. ಪರೀಕ್ಷಾ ಸಲಕರಣೆಗಳು, ಬಿಐಎಸ್ ನೋಂದಣಿಗೆ ಬೇಕಾದ ಪರೀಕ್ಷೆಗಳು, ಎಂಜಿನಿಯರುಗಳ ಒಂದು ವರ್ಷದ ಸಂಬಳ ಇವೆಲ್ಲ ಸೇರಿ 4 ಕೋಟಿ ಎನ್ನೋಣ. ಇದು ಒಂದು ಕಂಪ್ಯೂಟರ್ ಮಾಡಿದರೂ ಅಷ್ಟೇ, ಲಕ್ಷ ಮಾಡಿದರೂ ಅಷ್ಟೇ. ನಾವು 50,000 ಕಂಪ್ಯೂಟರ್ ಮಾರುತ್ತೇವೆ ಎಂದಾದರೆ ಒಂದೊಂದರ ತಲೆಯ ಮೇಲೆ 800 ರೂಪಾಯಿ ಬೀಳುತ್ತದೆ.

ಇಲ್ಲಿಗೆ 34,000. ಕಚೇರಿ ಖರ್ಚು, ಜಾಹೀರಾತು, ಬಡ್ಡಿ ಮತ್ತು ಲಾಭಕ್ಕೆಂದು 5,000. ಡಿಸ್ಟ್ರಿಬ್ಯೂಟರ್ ಮತ್ತು ಅಂಗಡಿಯವರಿಗೆ ಸೇರಿ 4,000. ಒಟ್ಟು 43,000. ಅದರ ಮೇಲೆ ಶೇ. 18 ಜಿಎಸ್‌ಟಿ, 7,740. ಕೊನೆಗೆ ನಿಮ್ಮ ಕೈಗೆ ಬರುವಾಗ 50,740 ರೂಪಾಯಿ.

ಬಿಡಿಭಾಗಕ್ಕೂ ಅಂಗಡಿಯ ಬೆಲೆಗೂ 20 ಸಾವಿರಕ್ಕೂ ಹೆಚ್ಚು ಅಂತರ ಇದೆ, ನಿಜ. ಆದರೆ ಅದರಲ್ಲಿ ಅತಿ ದೊಡ್ಡ ಪಾಲು ಕಂಪನಿಯದ್ದಲ್ಲ, ತೆರಿಗೆಯದ್ದು. 'ಉಳಿದದ್ದೆಲ್ಲ ಕಂಪನಿಯ ಜೇಬಿಗೆ' ಎನ್ನುವ ಸಂದೇಶ ಜಿಎಸ್‌ಟಿಯನ್ನೇ ಮರೆತಿರುತ್ತದೆ.

ಈಗ ಅದೇ ಕಂಪ್ಯೂಟರ್ 50,000 ಬದಲು 5,000 ಮಾತ್ರ ಮಾರಾಟವಾಗುತ್ತದೆ ಎಂದುಕೊಳ್ಳಿ. ಅಚ್ಚಿನ ಪಾಲು 800 ರೂಪಾಯಿಂದ 8,000ಕ್ಕೆ ಜಿಗಿಯುತ್ತದೆ. ಉಳಿದದ್ದೆಲ್ಲ ಹಾಗೆಯೇ ಇದ್ದರೂ ತೆರಿಗೆ ಸೇರಿ ಬೆಲೆ 59 ಸಾವಿರ ದಾಟುತ್ತದೆ. ಚಿಪ್ ಬದಲಾಗಿಲ್ಲ, ಪರದೆ ಬದಲಾಗಿಲ್ಲ, ಲಾಭವೂ ಬದಲಾಗಿಲ್ಲ. ಹೆಚ್ಚು ಜನ ಕೊಳ್ಳದಿದ್ದರೆ ಕೊಂಡವರಿಗೆ ದುಬಾರಿ, ದುಬಾರಿಯಾದರೆ ಕೊಳ್ಳುವವರೇ ಕಡಿಮೆ. ಈ ಸುಳಿಯಲ್ಲಿ ಸಿಕ್ಕಿಕೊಂಡ ಒಂದು ಸಾಧನದ ಕತೆ ನಮ್ಮ ಬೆಂಗಳೂರಿನದೇ. ಭಾರತೀಯ ವಿಜ್ಞಾನ ಸಂಸ್ಥೆಯ ವಿಜ್ಞಾನಿಗಳು ಮತ್ತು ಎನ್‌ಕೋರ್ ಕಂಪನಿ ಸೇರಿ ರೂಪಿಸಿದ ಸಿಂಪ್ಯೂಟರ್ ಆಲ್-ಇನ್-ಒನ್ ಅಲ್ಲ, ಅಂಗೈಯಗಲದ ಕಂಪ್ಯೂಟರ್. ಭಾರತೀಯ ಭಾಷೆಗಳನ್ನು ಓದಿ ಹೇಳುವ ಸೌಲಭ್ಯವನ್ನು ಸ್ಮಾರ್ಟ್‌ಫೋನ್ ಬರುವ ಮೊದಲೇ ಯೋಚಿಸಿದ್ದ ಸಾಧನ ಅದು. ಹಳ್ಳಿಯವರಿಗೆ ಎಟುಕಬೇಕೆಂದು ಹೊರಟ ಅದರ ಬೆಲೆ ಹತ್ತು ಸಾವಿರ ರೂಪಾಯಿಯ ಆಸುಪಾಸಿಗೆ ಬಂದು ನಿಂತಿತು, ಮಾರಾಟ ಮಾತ್ರ ನಿರೀಕ್ಷೆಯ ಹತ್ತಿರಕ್ಕೂ ಬರಲಿಲ್ಲ. ಲಕ್ಷಗಟ್ಟಲೆ ಮಾರಾಟವಾಗಿದ್ದರೆ ಬೆಲೆ ಇಳಿಯುತ್ತಿತ್ತು, ಬೆಲೆ ಇಳಿದಿದ್ದರೆ ಲಕ್ಷಗಟ್ಟಲೆ ಮಾರಾಟವಾಗುತ್ತಿತ್ತೋ ಏನೋ.

ಸಂಖ್ಯೆಯ ಈ ಆಟದಿಂದಲೇ ಇನ್ನೊಂದು ವಿಚಿತ್ರವೂ ಅರ್ಥವಾಗುತ್ತದೆ. ಹೆಚ್ಚಿನ ಕಂಪನಿಗಳ ಆಲ್-ಇನ್-ಒನ್‌ಗಳಲ್ಲಿ ಪರದೆ ಸಾಮಾನ್ಯವಾಗಿ 21.5, 23.8 ಅಥವಾ 27 ಇಂಚು. 25 ಇಂಚಿನದು ಯಾಕಿಲ್ಲ? ಪರದೆ ತಯಾರಿಸುವ ಕಾರ್ಖಾನೆಗಳು ಹಾಸುಗಲ್ಲಿನಂಥ ದೊಡ್ಡ ಗಾಜಿನ ಹಾಳೆಯ ಮೇಲೆ ಒಮ್ಮೆಗೇ ಹಲವು ಪರದೆಗಳನ್ನು ಮೂಡಿಸಿ ಕತ್ತರಿಸುತ್ತವೆ. ದರ್ಜಿ ಬಟ್ಟೆ ಕತ್ತರಿಸುವಾಗ ತುಂಡು ವ್ಯರ್ಥವಾಗದಂತೆ ನೋಡಿಕೊಳ್ಳುವ ಹಾಗೆ, ಗಾಜು ಹಾಳಾಗದ ಅಳತೆಗಳೇ ಅಗ್ಗ. ಮಾನಿಟರ್ ಮಾರುಕಟ್ಟೆಗೆಂದು ರಾಶಿಗಟ್ಟಲೆ ತಯಾರಾಗುವ ಅಳತೆಯನ್ನೇ ಆಲ್-ಇನ್-ಒನ್ ಮಾಡುವವರೂ ಕೊಳ್ಳುತ್ತಾರೆ. ಹಾಗೆಯೇ ಒಳಗಿನ ಚಿಪ್, ಮೆಮೊರಿಗಳು ಹೆಚ್ಚಾಗಿ ಲ್ಯಾಪ್‌ಟಾಪಿನವು. ಬಿಡಿಸಿ ಹೇಳಬೇಕೆಂದರೆ ಇಂದಿನ ಬಹುತೇಕ ಆಲ್-ಇನ್-ಒನ್ ಎಂದರೆ ಬ್ಯಾಟರಿ ತೆಗೆದು, ದೊಡ್ಡ ಪರದೆ ಹಾಕಿ, ಕಾಲು ಕೊಟ್ಟು ನಿಲ್ಲಿಸಿದ ಲ್ಯಾಪ್‌ಟಾಪ್.

ಅದಕ್ಕೆ ಕಾರಣ ಬಿಸಿ. ತೆಳ್ಳಗಿನ ಪರದೆಯ ಬೆನ್ನಿಗೆ ಮಾಮೂಲಿ ಡೆಸ್ಕ್‌ಟಾಪ್ ಚಿಪ್ ಇಟ್ಟರೆ ಅದರ ಬಿಸಿ ಹೊರಹಾಕಲು ಜಾಗವಿರುವುದಿಲ್ಲ. ಡೆಸ್ಕ್‌ಟಾಪ್‌ನ ಸಾಧಾರಣ ಇಂಟೆಲ್ ಚಿಪ್ 65 ವಾಟ್ ವರ್ಗದ್ದಾದರೆ, ಹೆಸರಿನ ಕೊನೆಯಲ್ಲಿ 'ಟಿ' ಇರುವುದು 35 ವಾಟ್ ವರ್ಗದ್ದು, 'ಯು' ಇರುವುದು 15 ವಾಟ್ ಆಸುಪಾಸಿನ ಲ್ಯಾಪ್‌ಟಾಪ್ ಚಿಪ್. ಆಲ್-ಇನ್-ಒನ್‌ಗೆ ಕರೆಂಟ್ ಕಡಿಮೆ ಸಾಕು ಎಂಬ ಮಾತು ಅಷ್ಟರ ಮಟ್ಟಿಗೆ ನಿಜ. ವೈರು ಒಂದೇ ಇದೆ ಎಂಬ ಕಾರಣಕ್ಕಲ್ಲ, ಚಿಪ್ ಸಣ್ಣದು ಎಂಬ ಕಾರಣಕ್ಕೆ. ಅದೇ ಕಾರಣಕ್ಕೆ, ಅಷ್ಟೇ ಹಣಕ್ಕೆ ಸಿಗುವ ಮಾಮೂಲಿ ಡೆಸ್ಕ್‌ಟಾಪ್ ಸಾಮಾನ್ಯವಾಗಿ ಹೆಚ್ಚು ವೇಗದ್ದಾಗಿರುತ್ತದೆ. ಎರಡನೆಯ ಸಂಗತಿಯನ್ನು ಜಾಹೀರಾತು ಹೇಳುವುದಿಲ್ಲ.

ಅಮೆರಿಕದಲ್ಲಿ ಅಗ್ಗ, ಇಲ್ಲಿ ದುಬಾರಿ?

2021ರಲ್ಲಿ ಬಂದ 24 ಇಂಚಿನ ಐಮ್ಯಾಕ್ ಬರೀ 11.5 ಮಿಲಿಮೀಟರ್ ದಪ್ಪ. ಅಷ್ಟು ತೆಳುವಾಗಿಸಲು ಪವರ್ ಸಪ್ಲೈಯನ್ನೇ ಹೊರಗೆ ಹಾಕಿದರು, ಅದು ಮೇಜಿನ ಕೆಳಗೆ ಇಟ್ಟಿಗೆಯ ಹಾಗೆ ಬಿದ್ದಿರುತ್ತದೆ. 'ಎಲ್ಲವೂ ಒಂದರಲ್ಲೇ' ಎನ್ನುವ ಹೆಸರಿಗೆ ಇದು ಸ್ವಲ್ಪ ಮೋಸವೇ ಅನ್ನಿ. ಅಮೆರಿಕದಲ್ಲಿ ಅದರ ಆರಂಭಿಕ ಬೆಲೆ 1,299 ಡಾಲರ್, ಅಂದರೆ 23 ವರ್ಷ ಹಿಂದಿನ ನೀಲಿ ಐಮ್ಯಾಕ್‌ನದ್ದೇ ಬೆಲೆ. ಭಾರತದಲ್ಲಿ 1,19,900 ರೂಪಾಯಿ.

ಆಗ ಡಾಲರಿಗೆ ಸುಮಾರು 75 ರೂಪಾಯಿ. 1,299ಕ್ಕೆ 97,400 ರೂಪಾಯಿ ಚಿಲ್ಲರೆ. ನಮ್ಮಲ್ಲಿ 22 ಸಾವಿರ ಹೆಚ್ಚು ಎಂದು ಸಂದೇಶ ಕೂಗುತ್ತದೆ. ಆದರೆ ಅಮೆರಿಕದಲ್ಲಿ ಹೇಳುವ ಬೆಲೆಯಲ್ಲಿ ತೆರಿಗೆ ಸೇರಿರುವುದಿಲ್ಲ. ಅಲ್ಲಿ ಮಾರಾಟ ತೆರಿಗೆ ರಾಜ್ಯಕ್ಕೊಂದು: ಕ್ಯಾಲಿಫೋರ್ನಿಯಾದಲ್ಲಿ ಕನಿಷ್ಠ ಶೇ. 7.25, ಒರೆಗಾನ್‌ನಲ್ಲಿ ಸೊನ್ನೆ. ಅಂಗಡಿಯ ಕೌಂಟರಿನಲ್ಲಿ ಬಿಲ್ ಮಾಡುವಾಗ ಅದನ್ನು ಸೇರಿಸುತ್ತಾರೆ. ನಮ್ಮಲ್ಲಿ ಪೆಟ್ಟಿಗೆಯ ಮೇಲೆ ಬರೆದ ಬೆಲೆಯಲ್ಲೇ ಜಿಎಸ್‌ಟಿ ಇರುತ್ತದೆ. 97,400ಕ್ಕೆ ಶೇ. 18 ಸೇರಿಸಿದರೆ ಸುಮಾರು 1,15,000. ವಿವರಣೆ ಬೇಡುವ ಅಂತರ 22 ಸಾವಿರವಲ್ಲ, ಐದು ಸಾವಿರ. ರೂಪಾಯಿ ಮುಂದೆ ಕುಸಿದರೂ ಬೆಲೆ ಪದೇ ಪದೇ ಬದಲಿಸಬಾರದೆಂದು ಕಂಪನಿಗಳು ಸ್ವಲ್ಪ ಅಂತರ ಇಟ್ಟುಕೊಳ್ಳುವುದು ವಾಡಿಕೆ. ಅದು ಜಾಸ್ತಿಯೋ ಕಡಿಮೆಯೋ ಎಂದು ವಾದಿಸಬಹುದು. ದರೋಡೆ ಎನ್ನಲು ಮಾತ್ರ ಸಾಕ್ಷಿ ಸಾಲದು.

ಕಂಪ್ಯೂಟರುಗಳ ಮೇಲೆ ಭಾರಿ ಆಮದು ಸುಂಕವಿದೆ ಎನ್ನುವ ಮಾತೂ ಇದರ ಜೊತೆಗೆ ಓಡಾಡುತ್ತದೆ. ಭಾರತ 1997ರಲ್ಲಿ ಸೇರಿದ ಮಾಹಿತಿ ತಂತ್ರಜ್ಞಾನ ಒಪ್ಪಂದದಿಂದಾಗಿ ಕಂಪ್ಯೂಟರುಗಳ ಮೂಲ ಆಮದು ಸುಂಕ ಸೊನ್ನೆ. ಮೊಬೈಲ್ ಫೋನಿನ ಕತೆ ಬೇರೆ, ಅದಕ್ಕೆ ಸುಂಕವಿದೆ. ಎರಡನ್ನೂ ಕಲಸಿ ಬರೆಯುವವರೇ ಹೆಚ್ಚು.

2023ರ ಆಗಸ್ಟ್ 3ರಂದು ಮಾತ್ರ ನಿಜವಾಗಿಯೂ ಒಂದು ಆದೇಶ ಬಂದಿತ್ತು. ಲ್ಯಾಪ್‌ಟಾಪ್, ಟ್ಯಾಬ್ಲೆಟ್, ಆಲ್-ಇನ್-ಒನ್ ಮುಂತಾದವುಗಳ ಆಮದಿಗೆ ಪರವಾನಗಿ ಬೇಕೆಂದು ವಿದೇಶ ವ್ಯಾಪಾರ ಮಹಾನಿರ್ದೇಶನಾಲಯ ಹೇಳಿತು. ಅಂದು ಸಂಜೆಯೊಳಗೆ 'ಲ್ಯಾಪ್‌ಟಾಪ್ ನಿಷೇಧ' ಎಂಬ ಸಂದೇಶ ಎಲ್ಲೆಡೆ ಹರಿದಾಡಿತು. ಅದು ಮಾರಾಟದ ನಿಷೇಧ ಆಗಿರಲಿಲ್ಲ. ಮರುದಿನವೇ ಜಾರಿಯನ್ನು ಮುಂದೂಡಿ, ಆಮೇಲೆ ಆನ್‌ಲೈನ್‌ನಲ್ಲಿ ಅನುಮತಿ ಪಡೆಯುವ ವ್ಯವಸ್ಥೆಗೆ ಬದಲಾಯಿಸಿದರು. ಸ್ವಂತಕ್ಕೆಂದು ಒಂದು ಕಂಪ್ಯೂಟರ್ ತರಿಸಿಕೊಳ್ಳುವವರಿಗೆ ಮೊದಲ ಆದೇಶದಲ್ಲೇ ವಿನಾಯಿತಿ ಇತ್ತು. ಅದೇ ವರ್ಷದ ಮೇ ತಿಂಗಳಲ್ಲಿ, ಇವನ್ನೆಲ್ಲ ದೇಶದಲ್ಲೇ ತಯಾರಿಸುವವರಿಗೆ ಪ್ರೋತ್ಸಾಹಧನ ಕೊಡಲು 17,000 ಕೋಟಿ ರೂಪಾಯಿಯ ಯೋಜನೆಗೆ ಕೇಂದ್ರ ಸಂಪುಟ ಒಪ್ಪಿಗೆ ಕೊಟ್ಟಿತ್ತು. ಕಂಪನಿಗೆ ಕೊಡುವ ಈ ಪ್ರೋತ್ಸಾಹಧನವನ್ನೇ 'ನಿಮ್ಮ ಖಾತೆಗೆ ಬರುವ ಸಬ್ಸಿಡಿ' ಎಂದು ತಿರುಚುವುದು ಬಹಳ ಸುಲಭ.

'ಐ5 ಆಲ್-ಇನ್-ಒನ್, ಪೂರ್ತಿ ಸೆಟ್, ಬರೀ ಇಷ್ಟಕ್ಕೆ'

ಜೇಬಿಗೆ ನಿಜವಾಗಿ ಕತ್ತರಿ ಬೀಳುವುದು ಇಲ್ಲಿ. ಕಚೇರಿಗಳು ಐದಾರು ವರ್ಷ ಬಳಸಿ ಬಿಟ್ಟ ಕಂಪ್ಯೂಟರುಗಳನ್ನು ಒರೆಸಿ ಮರುಮಾರಾಟ ಮಾಡುವ ದೊಡ್ಡ ವ್ಯಾಪಾರವಿದೆ. ಅದರಲ್ಲಿ ಪ್ರಾಮಾಣಿಕರೂ ಇದ್ದಾರೆ, ಸರಿಯಾಗಿ ನೋಡಿ ಕೊಂಡರೆ ಲಾಭವೇ. ಆದರೆ ಸಂದೇಶದಲ್ಲಿ 'ಐ5' ಎಂದಷ್ಟೇ ಬರೆದಿದ್ದರೆ ಅದರಿಂದ ಏನೂ ಗೊತ್ತಾಗುವುದಿಲ್ಲ. ಐ5 ಎಂಬ ಹೆಸರು 2009ರಿಂದ ಇದೆ. ಅದರ ಮುಂದಿನ ಸಂಖ್ಯೆಯನ್ನು ಕೇಳಿ. ಐ5-4570 ಎಂದರೆ ನಾಲ್ಕನೆಯ ತಲೆಮಾರು, ಐ5-8500 ಎಂದರೆ ಎಂಟನೆಯದು. ಸಂಖ್ಯೆ 1ರಿಂದ ಶುರುವಾದರೆ ಮೊದಲ ಎರಡು ಅಂಕಿ ನೋಡಬೇಕು: ಐ5-1335ಯು ಹದಿಮೂರನೆಯ ತಲೆಮಾರು.

ಇದು ಮುಖ್ಯವಾಗಲು ಕಾರಣವಿದೆ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಕೊಡುತ್ತಿದ್ದ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ವಿಂಡೋಸ್ 11 ಅಧಿಕೃತವಾಗಿ ನಡೆಯಲು ಇಂಟೆಲ್ ಚಿಪ್ ಆದರೆ ಸಾಮಾನ್ಯವಾಗಿ ಎಂಟನೆಯ ತಲೆಮಾರು ಅಥವಾ ಅದಕ್ಕಿಂತ ಹೊಸದಾಗಿರಬೇಕು, ಟಿಪಿಎಂ 2.0 ಎಂಬ ಭದ್ರತಾ ವ್ಯವಸ್ಥೆ ಇರಬೇಕು. ಇವಿಲ್ಲದ ಯಂತ್ರದಲ್ಲಿ ಬ್ಯಾಂಕ್ ವ್ಯವಹಾರ ಮಾಡುವುದು ಬೀಗವಿಲ್ಲದ ಮನೆಯಲ್ಲಿ ಒಡವೆ ಇಟ್ಟ ಹಾಗೆ. ಮಕ್ಕಳಿಗೆ ಟೈಪಿಂಗ್, ಪಾಠ, ವಿಡಿಯೊ ಅಷ್ಟೇ ಸಾಕು ಎನ್ನುವವರು ಅಂಥ ಹಳೆಯ ಕಂಪ್ಯೂಟರಿಗೆ ಲಿನಕ್ಸ್ ಹಾಕಿಸಬಹುದು. ಅದು ಉಚಿತ, ಕನ್ನಡವೂ ಅದರಲ್ಲಿ ಚೆನ್ನಾಗಿಯೇ ಬರುತ್ತದೆ.

ಎಸ್‌ಎಸ್‌ಡಿ ಇದೆಯೋ ಹಳೆಯ ತಿರುಗುವ ಹಾರ್ಡ್ ಡಿಸ್ಕೋ ಎಂದೂ ಕೇಳಿ. ಹೊಸದು, ದುಬಾರಿ ಎಂದ ಮಾತ್ರಕ್ಕೆ ಎಸ್‌ಎಸ್‌ಡಿ ಇರುತ್ತದೆ ಎಂದುಕೊಳ್ಳಬೇಡಿ. 21.5 ಇಂಚಿನ ಐಮ್ಯಾಕ್‌ನ ಅಗ್ಗದ ಮಾದರಿಯಲ್ಲೂ 2020ರವರೆಗೆ ನಿಧಾನಗತಿಯ ಹಾರ್ಡ್ ಡಿಸ್ಕೇ ಇತ್ತು. ಮನೆಯ ಕಂಪ್ಯೂಟರ್ 'ಸ್ಲೋ' ಎಂದು ಬೈಸಿಕೊಳ್ಳುವುದು ಬಹಳ ಸಲ ಚಿಪ್ಪಿನಿಂದಲ್ಲ, ಇದರಿಂದ.

ಉಚಿತ ಲ್ಯಾಪ್‌ಟಾಪ್, ಕಂಪ್ಯೂಟರ್ ಸಂದೇಶಗಳ ವಿಷಯ. ಕರ್ನಾಟಕದಲ್ಲಿ ಸರ್ಕಾರ ವಿದ್ಯಾರ್ಥಿಗಳಿಗೆ ಲ್ಯಾಪ್‌ಟಾಪ್ ಹಂಚಿದ್ದುಂಟು, ಆದ್ದರಿಂದಲೇ ಇವು ನಂಬುವಂತೆ ಕಾಣುತ್ತವೆ. ಆದರೆ ಅವು ಕಾಲೇಜಿನ ಮೂಲಕ ಬಂದವು, ವಾಟ್ಸಾಪ್ ಕೊಂಡಿಯ ಮೂಲಕವಲ್ಲ. ಪ್ರಧಾನಮಂತ್ರಿಯ ಹೆಸರಿನಲ್ಲಿ ಉಚಿತ ಲ್ಯಾಪ್‌ಟಾಪ್ ಎನ್ನುವಂಥ ಸಂದೇಶಗಳನ್ನು ಪಿಐಬಿಯ ಫ್ಯಾಕ್ಟ್ ಚೆಕ್ ವಿಭಾಗ ಸುಳ್ಳೆಂದು ಹೇಳಿದೆ. 'ನೋಂದಣಿ ಶುಲ್ಕ' ಎಂದೋ 'ಕೊರಿಯರ್ ಖರ್ಚು' ಎಂದೋ ಹಣ ಕೇಳಿದರೆ, ಒಟಿಪಿ ಕೇಳಿದರೆ ಅಲ್ಲಿಗೆ ನಿಲ್ಲಿಸಿ. ಹಣ ಹೋಗಿಯೇ ಬಿಟ್ಟಿದ್ದರೆ ತಡಮಾಡದೆ 1930ಕ್ಕೆ ಕರೆ ಮಾಡಿ. ಎಷ್ಟು ಬೇಗ ಹೇಳುತ್ತೀರೋ ಹಣ ಮುಂದಿನ ಖಾತೆಗೆ ಹೋಗುವ ಮೊದಲು ತಡೆಯುವ ಸಾಧ್ಯತೆ ಅಷ್ಟು ಹೆಚ್ಚು.

ಅಂಗಡಿಯಲ್ಲಿ ಕೇಳಬೇಕಾದದ್ದು

ಹಾಗಾದರೆ ಆಲ್-ಇನ್-ಒನ್ ಕೊಳ್ಳಬಹುದೇ? ನಮ್ಮ ಅಭಿಪ್ರಾಯ ಹೇಳಿಬಿಡುತ್ತೇವೆ. ಜಾಗ ಕಡಿಮೆಯಿರುವ ಮನೆಗೆ, ಇಟ್ಟಲ್ಲೇ ಇರುವ ಕಂಪ್ಯೂಟರ್ ಸಾಕೆನ್ನುವವರಿಗೆ, ದೊಡ್ಡ ಪರದೆ ಬೇಕೆನ್ನುವ ಹಿರಿಯರಿಗೆ ಅದು ಚೆನ್ನಾಗಿಯೇ ಒಗ್ಗುತ್ತದೆ. ಕರೆಂಟ್ ಆಗಾಗ ಹೋಗುವ ಊರಿನವರು ಮಾತ್ರ ಒಂದು ಯುಪಿಎಸ್‌ನ ಬೆಲೆಯನ್ನೂ ಸೇರಿಸಿಯೇ ಲೆಕ್ಕ ಹಾಕಬೇಕು. ಒಳಗಿನದೆಲ್ಲ ಲ್ಯಾಪ್‌ಟಾಪಿನದಾದರೂ ಲ್ಯಾಪ್‌ಟಾಪಿನ ಬ್ಯಾಟರಿ ಇದರಲ್ಲಿರುವುದಿಲ್ಲ, ಕರೆಂಟ್ ಹೋದ ಕ್ಷಣ ಎಲ್ಲ ಕತ್ತಲು.

ರಿಪೇರಿಯ ವಿಷಯ ಮೊದಲೇ ಕೇಳಿಕೊಳ್ಳಿ. ಮಾಮೂಲಿ ಡೆಸ್ಕ್‌ಟಾಪ್‌ನಲ್ಲಿ ಪೆಟ್ಟಿಗೆ ಕೆಟ್ಟರೆ ಪೆಟ್ಟಿಗೆ ಮಾತ್ರ ಎತ್ತಿಕೊಂಡು ಹೋಗಬಹುದು, ಮಾನಿಟರ್ ಕೆಟ್ಟರೆ ಬೇರೆ ಮಾನಿಟರ್ ತರಬಹುದು. ಇಲ್ಲಿ ಒಂದು ಕೆಟ್ಟರೆ ಎರಡೂ ನಿಂತ ಹಾಗೆ. ಆದ್ದರಿಂದ ಮೆಕ್ಯಾನಿಕ್ ಮನೆಗೇ ಬರುವ ಆನ್‌ಸೈಟ್ ವಾರಂಟಿ ಇದೆಯೇ, ಅದು ನಿಮ್ಮ ತಾಲ್ಲೂಕಿಗೂ ಅನ್ವಯಿಸುತ್ತದೆಯೇ ಎಂದು ಬಿಲ್ ಹಾಕಿಸುವ ಮೊದಲೇ ಖಚಿತಪಡಿಸಿಕೊಳ್ಳಿ. ಮೆಮೊರಿ ಬೋರ್ಡಿಗೇ ಬೆಸೆದಿದೆಯೋ ಅಥವಾ ಮುಂದೆ ಹೆಚ್ಚಿಸಲು ಸ್ಲಾಟ್ ಇದೆಯೋ ಎನ್ನುವುದನ್ನೂ ಕೇಳಿ. ಬೆಸೆದಿದ್ದರೆ ಇಂದು 8 ಜಿಬಿ ಕೊಂಡವರು ಮುಂದೆ 16 ಜಿಬಿ ಬೇಕೆನಿಸಿದಾಗ ಹೊಸ ಕಂಪ್ಯೂಟರನ್ನೇ ಕೊಳ್ಳಬೇಕಾಗುತ್ತದೆ. ಸ್ವಂತ ವ್ಯಾಪಾರಕ್ಕೆಂದು ಕೊಳ್ಳುವವರು, ಜಿಎಸ್‌ಟಿ ನೋಂದಣಿ ಇದ್ದರೆ, ತಮ್ಮ ಸಂಖ್ಯೆ ಹಾಕಿಸಿ ಬಿಲ್ ಪಡೆಯಿರಿ. ಕಟ್ಟಿದ ಶೇ. 18ನ್ನು ನಿಯಮದ ಪ್ರಕಾರ ಮುಂದಿನ ತೆರಿಗೆಯಲ್ಲಿ ಕಳೆದುಕೊಳ್ಳಲು ಅವಕಾಶವಿದೆ.

ಇನ್ನೊಂದು ಪ್ರಶ್ನೆಯನ್ನು ಹೆಚ್ಚಿನವರು ಕೇಳುವುದೇ ಇಲ್ಲ: ಹಿಂಬದಿಯಲ್ಲಿ ಎಚ್‌ಡಿಎಂಐ 'ಇನ್' ಕಿಂಡಿ ಇದೆಯೇ? 'ಔಟ್' ಅಲ್ಲ, 'ಇನ್'. ಏಳೆಂಟು ವರ್ಷ ಕಳೆದು ಒಳಗಿನ ಕಂಪ್ಯೂಟರ್ ಹಳತಾದರೂ ಪರದೆ ಸಾಮಾನ್ಯವಾಗಿ ಗಟ್ಟಿಮುಟ್ಟಾಗಿಯೇ ಇರುತ್ತದೆ. 'ಇನ್' ಕಿಂಡಿ ಇದ್ದರೆ ಅದಕ್ಕೆ ಲ್ಯಾಪ್‌ಟಾಪನ್ನೋ ಸೆಟ್‌ಟಾಪ್ ಬಾಕ್ಸನ್ನೋ ಜೋಡಿಸಿ ಮಾನಿಟರಿನಂತೆ ಇನ್ನೂ ಕೆಲವು ವರ್ಷ ಬಳಸಬಹುದು. 2009ರಿಂದ 2014ರವರೆಗಿನ ಹಲವು ಐಮ್ಯಾಕ್‌ಗಳಲ್ಲಿ ಇಂಥದೇ ಒಂದು ಸೌಲಭ್ಯ ಇತ್ತು, ಆಮೇಲೆ ತೆಗೆದುಬಿಟ್ಟರು. ಎಲ್ಲ ಮಾದರಿಗಳಲ್ಲೂ ಇದು ಇರುವುದಿಲ್ಲ. ಒಂದೇ ಬೆಲೆಯ ಎರಡು ಕಂಪ್ಯೂಟರ್ ಮುಂದಿದ್ದು, ಒಂದರಲ್ಲಿ ಮಾತ್ರ ಈ ಕಿಂಡಿ ಇದ್ದರೆ, ನಾವಾಗಿದ್ದರೆ ಅದನ್ನೇ ಆರಿಸುತ್ತಿದ್ದೆವು.